ಪ್ರಾಜೆಕ್ಟ್ ಮುಗಿದ ಮೇಲೂ ಮಾತು ಉಳಿಯಬೇಕಾದರೆ

ಜರ್ಮನಿ, ಬ್ರೆಜಿಲ್ ವಿದ್ಯಾರ್ಥಿಗಳ ಜೊತೆ ನಾಲ್ಕು ತಿಂಗಳು ಆನ್‌ಲೈನ್ ಪ್ರಾಜೆಕ್ಟ್ ಮಾಡಿದೆವು, ಮುಗಿದ ಮರುದಿನವೇ ಗ್ರೂಪ್ ತಣ್ಣಗಾಯ್ತು, ಸ್ನೇಹ ಉಳಿಸೋದು ಹೇಗೆ ಅಂತ ಕೇಳಿದ್ದೀರಿ. ನನಗೂ ಮೊದಲ ಸಲ ಹೀಗೇ ಆಗಿತ್ತು. ಕೆಲಸದ ಮಾತು ಬಿಟ್ಟು ಬೇರೇನೂ ಆಡಿರಲಿಲ್ಲ, ಕೆಲಸದ ಜೊತೆ ಮಾತೂ ಮುಗಿಯಿತು.

ಎರಡನೇ ಸಲ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆ ಅಂಗಳದಿಂದಲೇ ಕಾಲ್‌ಗೆ ಸೇರಿದೆ. ಹಿಂದೆ ಒಣಗಲು ಹರಡಿದ ಅಡಿಕೆ. ಅಮ್ಮ ನನ್ನ ಹತ್ತಿರ ಕನ್ನಡ, ಕೆಲಸದವರ ಹತ್ತಿರ ತುಳು, ಪಕ್ಕದ ಮನೆಯವರ ಹತ್ತಿರ ಮಲಯಾಳ ಮಾತಾಡುತ್ತಿದ್ದರು. ಇದು ಮೂರು ಬೇರೆ ಬೇರೆ ಭಾಷೆ ಅಂತ ಗೊತ್ತಾಗಿದ್ದೇ ತಡ, ಬ್ರೆಜಿಲ್ ಹುಡುಗಿಯಿಂದ ಪ್ರಶ್ನೆ ಮೇಲೆ ಪ್ರಶ್ನೆ. ಅವತ್ತು ಕೆಲಸ ಒಂದಿಂಚೂ ಮುಂದೆ ಹೋಗಲಿಲ್ಲ, ಆದರೆ ಅವಳು ಈಗಲೂ ಮೆಸೇಜ್ ಮಾಡುತ್ತಾಳೆ.

ಸಮಯದ್ದೂ ನೋಡಿ. ನಮಗೆ ಸಂಜೆ 6:30 ಅಂದರೆ ಸಾವೊ ಪೌಲೋದಲ್ಲಿ ಬೆಳಿಗ್ಗೆ 10, ಜರ್ಮನಿಯಲ್ಲಿ ಚಳಿಗಾಲಕ್ಕೆ ಮಧ್ಯಾಹ್ನ 2, ಬೇಸಿಗೆಗೆ 3. ಯಾರೂ ನಿದ್ದೆಗೆಡಬೇಕಿಲ್ಲ.

ಗ್ರೂಪಿನಲ್ಲಿ ಸುಮ್ನೆ 'ಎಲ್ಲರೂ ಹೇಗಿದ್ದೀರಿ' ಅಂತ ಹಾಕಬೇಡಿ, ಯಾರೋ ಒಬ್ಬರು ಉತ್ತರ ಕೊಡ್ತಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಒಬ್ಬೊಬ್ಬರಿಗೇ ಬರೆಯಿರಿ, ಅವರು ಹಿಂದೆ ಹೇಳಿದ್ದನ್ನೇ ಹಿಡಿದು: ಅಜ್ಜಿಯ ಆಪರೇಷನ್ ಆಯ್ತಾ, ಹೊಸ ರೂಮ್ ಸಿಕ್ಕಿತಾ ಅಂತ. ಇವತ್ತೇ ಒಬ್ಬರಿಗೆ ಬರೆಯಿರಿ, ಜಾಸ್ತಿ ದಿನ ಬಿಟ್ಟರೆ ಸಂಕೋಚ ಆಗುತ್ತೆ, ಅಲ್ವಾ?