ಮುಚ್ಚಿದ ವಸ್ತಿ ಶಾಲೆಯನ್ನು ಮತ್ತೆ ತೆರೆಸಬೇಕೇ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ತೋಟದ ವಸ್ತಿ. ಇಲ್ಲಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲವೆಂದು ಕೆಲವು ವರ್ಷಗಳ ಹಿಂದೆ ಮುಚ್ಚಿತು. ಈಗ ಮಕ್ಕಳು ಎರಡೂವರೆ ಕಿಲೋಮೀಟರ್ ದೂರದ ಊರಿನ ಶಾಲೆಗೆ ನಡೆದು ಹೋಗುತ್ತಾರೆ. ಶಾಲೆಯನ್ನು ಮತ್ತೆ ತೆರೆಯಬೇಕೆಂದು ನಾವು ಅರ್ಜಿ ಬರೆದಿದ್ದೇವೆ. ಆದರೆ ಊರಿನವರು, ‘ಒಬ್ಬರೇ ಮಾಸ್ತರು ಐದು ಇಯತ್ತೆ ಕಲಿಸುವ ಶಾಲೆ ಯಾಕೆ ಬೇಕು? ನಮ್ಮ ಶಾಲೆಯ ಹುದ್ದೆಯೂ ಹೋಗುತ್ತದೆ’ ಎನ್ನುತ್ತಾರೆ. ಕಟ್ಟಡವನ್ನು ಸಮುದಾಯ ಭವನ ಮಾಡೋಣ ಎನ್ನುವವರೂ ಇದ್ದಾರೆ. ಕಾಯ್ದೆ ಏನು ಹೇಳುತ್ತದೆ?
– ಪಾಲಕರೊಬ್ಬರು

ಉತ್ತರ: ಕಾಯ್ದೆ ನಿಮ್ಮ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮತ್ತು ಅದರಡಿಯ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಆದ್ದರಿಂದ ಅರ್ಜಿಯ ಮೊದಲ ಸಾಲಿನಲ್ಲೇ ದೂರವನ್ನು ಬರೆಯಿರಿ. ಹಾದಿಯಲ್ಲಿ ಕಾಲುವೆಯೋ ಹೆದ್ದಾರಿಯೋ ಅಡ್ಡ ಬರುತ್ತಿದ್ದರೆ ಅದನ್ನೂ ಕಾಣಿಸಿ. ಒಂದು ದೊಡ್ಡ ಮಳೆಯಾದರೆ ಎರೆ ಹೊಲದ ಹಾದಿಯಲ್ಲಿ ಆರು ವರ್ಷದ ಮಗು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಾಲಿಗೆ ಮೆತ್ತಿದ ಮಣ್ಣನ್ನು ಕೊಡವುತ್ತ ನಡೆಯಬೇಕಾಗುತ್ತದೆ ಎಂಬುದು ಕಚೇರಿಯ ನಕಾಶೆಯಲ್ಲಿ ಕಾಣುವುದಿಲ್ಲ.

ಆದರೆ ಊರಿನವರ ಆಕ್ಷೇಪವನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಬೇಡಿ, ಅದರಲ್ಲಿ ನಿಜವಾದ ಲೆಕ್ಕವಿದೆ. ಕಾಯ್ದೆಯ ಅನುಸೂಚಿಯಂತೆ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರು. ಊರಿನ ಶಾಲೆಯ ಈ ತರಗತಿಗಳಲ್ಲಿ 100 ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ನಿಮ್ಮ ವಸ್ತಿಯ 20 ಮಕ್ಕಳು ಒಮ್ಮೆಲೇ ಹೊರಬಂದರೆ ಉಳಿದ 80 ಮಕ್ಕಳಿಗೆ ಮೂವರೇ ಸಾಕೆಂದಾಗಿ, ನಾಲ್ಕನೆಯವರು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಸೇರುತ್ತಾರೆ. ಅದೇ ಅನುಸೂಚಿ ನಿಮ್ಮ 20 ಮಕ್ಕಳಿಗೂ ಇಬ್ಬರು ಶಿಕ್ಷಕರನ್ನು ಕೊಡಬೇಕೆನ್ನುತ್ತದೆ ಎಂಬುದನ್ನು ಮಾತ್ರ ಎರಡೂ ಕಡೆಯವರು ಮರೆತಂತಿದೆ.

ಹೀಗಾಗಿ ನನ್ನ ಸಲಹೆ ಇದು: ಊರಿನ ಶಾಲೆಯಲ್ಲಿ ಈಗಾಗಲೇ ಮೂರು, ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳನ್ನು ಎಬ್ಬಿಸಿ ತರಬೇಡಿ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಂದ ಶಾಲೆ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಲಿ. ಸಣ್ಣ ಮಕ್ಕಳಿಗೆ ದೂರದ ನಡಿಗೆ ತಪ್ಪುತ್ತದೆ, ಊರಿನ ಶಾಲೆಯ ಸಂಖ್ಯೆಯೂ ಒಮ್ಮೆಲೇ ಕುಸಿಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ತಮ್ಮ ತಮ್ಮ ಮೈಲಿಗಲ್ಲಿನ (ಅಂದರೆ ಕಲಿಕೆಯ ಹಂತದ) ಕಾರ್ಡು ಹಿಡಿದು, ಕೆಲವರು ಶಿಕ್ಷಕರ ಬಳಿ, ಕೆಲವರು ಜೊತೆಗಾರರ ಬಳಿ, ಕೆಲವರು ತಾವಾಗಿಯೇ ಕಲಿಯುವುದರಿಂದ ಇಂಥ ಸಣ್ಣ ಶಾಲೆಗೆ ಅದು ಹೊಂದುತ್ತದೆ. ಹಾಗೆಂದು ಒಬ್ಬರೇ ಶಿಕ್ಷಕರಿಗೆ ಒಪ್ಪಬೇಡಿ. ಅವರು ಸಭೆಗೆ ಹೋದ ದಿನ, ಬಿಸಿಯೂಟದ ಅಕ್ಕಿ ತರಲು ಹೋದ ದಿನ ಶಾಲೆಗೆ ಬೀಗ ಬೀಳುತ್ತದೆ. ಊರಿನ ಶಾಲೆಯಿಂದಲೇ ನಿಯೋಜನೆಯ ಮೇಲೆ ಒಬ್ಬರನ್ನು ಕಳುಹಿಸುತ್ತೇವೆಂದರೂ ಒಪ್ಪಬೇಡಿ. ಊರಿನವರ ಭಯವನ್ನು ನೀವೇ ನಿಜ ಮಾಡಿದಂತಾಗುತ್ತದೆ. ಮಂಜೂರಾದ ಎರಡು ಹುದ್ದೆಗಳನ್ನೇ ಕೇಳಿ.

ಸಹಿಗಿಂತ ಹೆಸರಿನ ಪಟ್ಟಿ ಮುಖ್ಯ. ಅಂಗನವಾಡಿಯ ದಾಖಲಾತಿ ಪುಸ್ತಕದಲ್ಲಿ ಮುಂದಿನ ಮೂರು ವರ್ಷಗಳಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳ ಹೆಸರು ಮತ್ತು ಜನ್ಮದಿನಾಂಕ ಸಿಗುತ್ತವೆ. ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಕಾಯ್ದೆಯ 9ನೇ ಕಲಮು ಹೇಳುವುದರಿಂದ ಗ್ರಾಮ ಪಂಚಾಯಿತಿಯಿಂದಲೂ ಪಟ್ಟಿ ಪಡೆಯಿರಿ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮನೆಗಳಿದ್ದರೆ, ಆ ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಬಿಟ್ಟು ಹೋಗುತ್ತಾರೋ ಕರೆದೊಯ್ಯುತ್ತಾರೋ ಎಂದು ಕೇಳಿ ಬರೆಯಿರಿ. ಜೂನ್ ತಿಂಗಳ ಸಂಖ್ಯೆ ಜನವರಿಯಲ್ಲಿ ಉಳಿಯದಿದ್ದರೆ ಶಾಲೆ ಮತ್ತೆ ಮುಚ್ಚುವ ಮಾತು ಬರುತ್ತದೆ. ಇನ್ನೊಂದು ಮಾತು, ಬೇಸರವಿಲ್ಲದೆ ಕೇಳಿಕೊಳ್ಳಿ: ಅರ್ಜಿಗೆ ಸಹಿ ಹಾಕಿದವರಲ್ಲಿ ಎಷ್ಟು ಜನರ ಮಕ್ಕಳು ಬೆಳಗ್ಗೆ ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಾರೆ? ಅವರು ಮಕ್ಕಳನ್ನು ಇಲ್ಲಿಗೆ ಸೇರಿಸುವುದಾಗಿ ಬರೆದುಕೊಡದಿದ್ದರೆ ಆ ಹೆಸರುಗಳನ್ನು ಪಟ್ಟಿಯಿಂದ ಬಿಡಿ. ಬೇರೆ ಶಾಲೆಯಿಂದ ವರ್ಗಾವಣೆ ಪತ್ರ ತಡವಾದರೆ ಅದೇ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲವೆಂದು 5ನೇ ಕಲಮಿನಲ್ಲಿದೆ.

ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಜಿಲ್ಲಾ ಉಪನಿರ್ದೇಶಕರಿಗೆ ಕೊಡಿ. ಮೇ ತಿಂಗಳಿಗೆ ಮೊದಲೇ ಕೊಟ್ಟರೆ ಒಳ್ಳೆಯದು. ಹಳೆಯ ಶಾಲೆಯ ಯು-ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಸರಕಾರಿ ಗುರುತಿನ ಸಂಖ್ಯೆ) ಉಳಿದಿದೆಯೋ ರದ್ದಾಗಿದೆಯೋ ಎಂದು ನಿಮ್ಮ ಭಾಗದ ಶಾಲೆಗಳ ಸಮೂಹ ಸಂಪನ್ಮೂಲ ವ್ಯಕ್ತಿಯನ್ನು (ಸಿ.ಆರ್.ಪಿ.) ವಿಚಾರಿಸಿ.

ಕಟ್ಟಡದ ವಿಷಯದಲ್ಲಿ ಮೊದಲು ಜಾಗದ ಉತಾರ (ಮಾಲೀಕರ ಹೆಸರಿರುವ ದಾಖಲೆ) ತೆಗೆಸಿ. ವಸ್ತಿ ಶಾಲೆಗಳ ಜಾಗವನ್ನು ಎಷ್ಟೋ ಕಡೆ ರೈತರು ಬಾಯಿಮಾತಿನಲ್ಲೇ ದಾನ ಕೊಟ್ಟಿರುತ್ತಾರೆ, ಹೆಸರು ಶಾಲೆಗೆ ಏರಿರುವುದಿಲ್ಲ. ನಿಮ್ಮಲ್ಲೂ ಹಾಗೆಯೇ ಆಗಿದ್ದರೆ ದಾನಿಯ ಮನೆಯವರನ್ನು ಕೂರಿಸಿಕೊಂಡು ಮಾತಾಡಿ ದಾನಪತ್ರ ನೋಂದಾಯಿಸಿಕೊಳ್ಳಿ. ಅರ್ಜಿ ತೀರ್ಮಾನವಾಗುವವರೆಗೆ ಆ ಕಟ್ಟಡವನ್ನು ಬೇರೆ ಯಾವ ಕೆಲಸಕ್ಕೂ ಠರಾವು ಮಾಡಿ ಕೊಡಬಾರದೆಂದು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.