ಸನ್‌ಸ್ಕ್ರೀನ್ ಹಚ್ಚಿದರೂ ಬಂಗು ಏಕೆ ಹೋಗುತ್ತಿಲ್ಲ?

ಪ್ರಶ್ನೆ: ನನಗೆ 38 ವರ್ಷ, ಎಣ್ಣೆ ಚರ್ಮ, ಎರಡೂ ಕೆನ್ನೆಗಳ ಮೇಲೆ ಬಂಗು. ಐದು ತಿಂಗಳಿಂದ ದಿನಾ ಬೆಳಿಗ್ಗೆ ಎಸ್‌ಪಿಎಫ್ 50ರ ಜೆಲ್ ಹಚ್ಚುತ್ತಿದ್ದೇನೆ. 50 ಗ್ರಾಂ ಟ್ಯೂಬ್ ಈಗ ಮುಗಿಯುತ್ತ ಬಂದಿದೆ, ಬಂಗು ಹಾಗೇ ಇದೆ. ಎಸ್‌ಪಿಎಫ್ 100 ತೆಗೆದುಕೊಳ್ಳಲೇ? (ಶಿಕ್ಷಕಿ, ಹುಬ್ಬಳ್ಳಿ)

ಉತ್ತರ: ಇಂಥದೇ ಪತ್ರ ಪ್ರತಿ ಸಲವೂ ಬರುತ್ತದೆ. ಎಲ್ಲರೂ ಕೇಳುವುದು ನಂಬರಿನ ಬಗ್ಗೆ, ಎಷ್ಟು ಹಚ್ಚಬೇಕೆಂದು ಯಾರೂ ಕೇಳುವುದಿಲ್ಲ. ಟ್ಯೂಬಿನ ಮೇಲಿರುವ 50 ಎಂಬ ಅಂಕಿ ಬಂದಿರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ನಡೆಸಿದ ಪರೀಕ್ಷೆಯಿಂದ. ಆ ಲೆಕ್ಕಕ್ಕೆ ಮುಖವೊಂದಕ್ಕೇ ಸುಮಾರು ಒಂದೂಕಾಲು ಗ್ರಾಂ ಬೇಕು. ಕತ್ತು, ಕಿವಿ ಸೇರಿದರೆ ಎರಡು ಗ್ರಾಂ. ನೀವು ಹಚ್ಚುತ್ತಿರುವುದು ದಿನಕ್ಕೆ ಗ್ರಾಮಿನ ಮೂರನೇ ಒಂದು ಪಾಲು. ಹೀಗಾದರೆ ನಿಮ್ಮ 50 ಮುಖದ ಮೇಲೆ ಹತ್ತು ಹನ್ನೆರಡಕ್ಕೆ ಇಳಿದಿರುತ್ತದೆ. ಇಷ್ಟೇ ತೆಳುವಾಗಿ ಬಳಿದರೆ 100 ತಂದರೂ ಆ ಅಂಕಿಯೂ ಹೀಗೇ ಇಳಿಯುತ್ತದೆ.

ತೋರುಬೆರಳು, ನಡುಬೆರಳುಗಳ ಬುಡದಿಂದ ತುದಿಯವರೆಗೆ ಎರಡು ಗೆರೆ ಹಿಂಡಿ. ಮುಖ ಮತ್ತು ಕತ್ತಿಗೆ ಒಂದು ಸಲದ ಅಳತೆ ಅದು. ಎರಡನ್ನೂ ಒಟ್ಟಿಗೆ ಹಚ್ಚಿದರೆ ಎಣ್ಣೆ ಚರ್ಮದ ಮೇಲೆ ಜಾರುತ್ತದೆ. ಮೊದಲು ಒಂದು ಗೆರೆ, ಎರಡು ನಿಮಿಷ ಬಿಟ್ಟು ಇನ್ನೊಂದು. ತಿಕ್ಕಬೇಡಿ, ಒತ್ತಿ ಹರಡಿ. ಸನ್‌ಸ್ಕ್ರೀನಿಗೆ ಮುಂಚೆ ಸೀರಮ್ ಹಚ್ಚಿದ್ದರೆ, ಅದು ಒಣಗುವ ಮೊದಲೇ ತಿಕ್ಕಿದರೆ ರಬ್ಬರ್ ಪುಡಿಯ ಹಾಗೆ ಉಂಡೆಗಟ್ಟಿ ಉದುರುತ್ತದೆ. ಬೆಳಿಗ್ಗೆ ಮನೆ ಬಿಡುವ ಹದಿನೈದು ನಿಮಿಷ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಮೈದಾನದಲ್ಲಿ ಮಕ್ಕಳ ಜೊತೆ ನಿಲ್ಲುವ ದಿನ ಎರಡು ಗಂಟೆಗೊಮ್ಮೆ. ಹೀಗೆ ಹಚ್ಚಿದರೆ 50 ಗ್ರಾಂ ಎರಡು ವಾರ ಬರುವುದೂ ಕಷ್ಟ. ಆದ್ದರಿಂದಲೇ ಹೇಳುತ್ತೇನೆ, ದುಬಾರಿ ಟ್ಯೂಬ್ ತಂದು ಜಿಪುಣತನ ಮಾಡಬೇಡಿ, ಕೈಗೆಟುಕುವಂಥದ್ದನ್ನು ತಂದು ಧಾರಾಳವಾಗಿ ಹಚ್ಚಿ.

ಇನ್ನೊಂದು ತಪ್ಪು ನಿಮ್ಮದಲ್ಲ, ಟ್ಯೂಬಿನದು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಬಿ ಕಿರಣದ ಬಗ್ಗೆ: 30 ಇದ್ದರೆ ಶೇ 97, 50 ಇದ್ದರೆ ಶೇ 98ರಷ್ಟು ತಡೆಯುತ್ತದೆ. ಬಂಗನ್ನು ಕೆರಳಿಸುವುದರಲ್ಲಿ ಯುವಿ-ಎ ಕೂಡ ಇದೆ. ಅದು ತರಗತಿಯ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಅದಕ್ಕೆ ಟ್ಯೂಬಿನ ಮೇಲೆ ಯುವಿ-ಎ ತಡೆಯನ್ನು ಸೂಚಿಸುವ ‘ಪಿಎ’ ಪಕ್ಕದ ಪ್ಲಸ್‌ಗಳನ್ನು ನೋಡಿ, ನಾಲ್ಕಿದ್ದರೆ ಒಳ್ಳೆಯದು. ಇವೆರಡರ ಜೊತೆಗೆ, ನಮ್ಮ ಗೋಧಿ ಬಣ್ಣದ, ಕಂದು ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ. ಹಚ್ಚಿದ ಕೂಡಲೇ ಮಾಯವಾಗುವ ನಿಮ್ಮ ಪಾರದರ್ಶಕ ಜೆಲ್ ಆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಳ್ಳುವುದರಿಂದಲೇ ಅದು ಕಾಣುವುದಿಲ್ಲ. ಬಂಗು ಇದ್ದವರಿಗೆ ಬೇಕಾದದ್ದು ಆ ಬೆಳಕನ್ನು ತಡೆಯುವ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್. ಹಿಂಬದಿಯ ಪಟ್ಟಿಯಲ್ಲಿ ಅದರ ಬಣ್ಣದ ಸಂಕೇತ ಸಂಖ್ಯೆ ಸಿಐ 77491, 77492, 77499 ಎಂದು ಇರುತ್ತದೆ. 77891 ಒಂದೇ ಇದ್ದರೆ ಅದು ಟೈಟಾನಿಯಂ ಡೈಆಕ್ಸೈಡ್, ಬರೀ ಬಿಳಿ; ನಮ್ಮ ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಎಣ್ಣೆ ಚರ್ಮಕ್ಕೆ ತೆಳುವಾದ ಫ್ಲೂಯಿಡ್ ಆರಿಸಿಕೊಳ್ಳಿ. ಒಣ ಚರ್ಮದವರು ಕ್ರೀಮನ್ನೇ ತೆಗೆದುಕೊಳ್ಳಲಿ. ಏನು ಹಚ್ಚಿದರೂ ಉರಿಯುವವರಿಗೆ ಸುವಾಸನೆಯಿಲ್ಲದ ಝಿಂಕ್ ಆಕ್ಸೈಡ್ ಸನ್‌ಸ್ಕ್ರೀನ್ ಸಾಕು.

ಇಷ್ಟು ಮಾಡಿದರೂ ಬಂಗು ವಾರದಲ್ಲಿ ಹೋಗುವುದಿಲ್ಲ, ತಿಂಗಳುಗಳು ಬೇಕು. ಈ ಅವಸರದಲ್ಲೇ ಜನ ಮೆಡಿಕಲ್ ಶಾಪಿನವನು ಕೊಟ್ಟ ‘ಬೆಳ್ಳಗಾಗುವ ಕ್ರೀಮ್’ ಹಚ್ಚುತ್ತಾರೆ. ಪಟ್ಟಿಯಲ್ಲಿ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಇದ್ದರೆ ಅದು ಸ್ಟಿರಾಯ್ಡ್. ಮೊದಲು ಮುಖ ತಿಳಿಯಾಗುತ್ತದೆ; ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪು ನರಗಳು ಕಂಡು, ಮೊಡವೆ ಎದ್ದು, ಕೂದಲು ಬೆಳೆಯುತ್ತದೆ. ಹಚ್ಚುವುದನ್ನು ಬಿಟ್ಟ ಮೇಲೆ ಬಿಸಿಲಿಗೆ ಬಂದರೆ ಸಾಕು, ಉರಿ. ಚೀಟಿಯಿಲ್ಲದೆ ಇದನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಟ್ಯೂಬ್ ಸಮೇತ ಚರ್ಮವೈದ್ಯರ ಬಳಿ ಹೋಗಿ.

ಪ್ರಶ್ನೆ: ಬೆಂಗಳೂರು ತಂಪು ಊರು, ಇಲ್ಲೂ ಬೇಕೇ?

ಉತ್ತರ: ಬೇಕು. ತಂಪಿಗೂ ಯುವಿಗೂ ಸಂಬಂಧವಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ.

ಪ್ರಶ್ನೆ: ನಿಂಬೆರಸ, ಅರಿಶಿನ ಹಚ್ಚಿ ಬಿಸಿಲಿಗೆ ಹೋಗಬಹುದೇ?

ಉತ್ತರ: ಬೇಡವೇ ಬೇಡ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಯಾವುದು?

ಉತ್ತರ: ಯಾವುದೂ ಬೇಡ. ನೆರಳು, ಟೋಪಿ, ತುಂಬುತೋಳಿನ ಹತ್ತಿಬಟ್ಟೆ. ಆರು ತಿಂಗಳು ಕಳೆಯಲಿ.

ಪ್ರಶ್ನೆ: ಸನ್‌ಸ್ಕ್ರೀನ್ ಹಚ್ಚಲು ಶುರು ಮಾಡಿದ ಮೇಲೆ ಬಿಳಿ ಅಂಗಿಯ ಕಾಲರಿನಲ್ಲಿ ತುಕ್ಕಿನಂಥ ಕಲೆ. (ಶಿವಮೊಗ್ಗ)

ಉತ್ತರ: ಅವೊಬೆಂಝೋನ್ ಎಂಬ ಅಂಶ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿದಾಗ ಹೀಗಾಗುತ್ತದೆ. ನಿಮ್ಮದು ಬೋರ್‌ವೆಲ್ ನೀರಿರಬೇಕು. ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಾಢವಾಗುತ್ತದೆ. ಅಂಗಿಗೆ ಮಾತ್ರ ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಕತ್ತಿಗೆ ಹಚ್ಚಿದ್ದು ಒಣಗಿದ ಮೇಲೇ ಅಂಗಿ ತೊಡಿ.