ಮೈದುನನ ಕೋಣೆ

ಸಲಹೆ ಕೇಳಿ ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಕಡೆಯಿಂದ ಓದುಗರೊಬ್ಬರು ಬರೆದ ಈ ಪತ್ರವನ್ನು ಒಮ್ಮೆ ಓದಿ ಪಕ್ಕಕ್ಕಿಟ್ಟಿದ್ದೆ. ರಾತ್ರಿ ಸಾರಿಗೆ ಒಗ್ಗರಣೆ ಹಾಕುವಾಗ ಅದರ ಒಂದು ಸಾಲು ನೆನಪಾಯಿತು. ಸಾಸಿವೆ ಸೀದು ಹೋಯಿತು. ಒಲೆ ಆರಿಸಿ ಬಂದು ಮತ್ತೆ ಓದಿದೆ.

ಬರೆದವರು 12 ವರ್ಷ ಶಿವಮೊಗ್ಗದ ಶಾಲೆಯೊಂದರಲ್ಲಿ ಲೆಕ್ಕದ ಟೀಚರ್ ಆಗಿದ್ದರು. ಈ ಜೂನ್‌ನಲ್ಲಿ ಅದನ್ನು ಬಿಟ್ಟು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಆನ್‌ಲೈನ್ ಪಾಠ ತಯಾರಿಸುವ ಕೆಲಸ ಹಿಡಿದಿದ್ದಾರೆ. ಸಂಬಳ ಜಾಸ್ತಿ, ಕೆಲಸವೂ ಇಷ್ಟ. ಆದರೆ ಲ್ಯಾಪ್‌ಟಾಪ್ ಇರುವುದು ಅಡುಗೆಮನೆ ಪಕ್ಕದ ಊಟದ ಟೇಬಲ್ ಮೇಲೆ. ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗಿದೆ, ಸುಲಿಯುವವರಿಗೆ 11 ಗಂಟೆಯ ಚಹಾ ಇವರದ್ದೇ. ಮೀಟಿಂಗ್ ಇದ್ದರೆ ಅಟ್ಟ ಹತ್ತಿ ಮೂಟೆಗಳ ಮಧ್ಯೆ ಕೂರುತ್ತಾರೆ. ಅತ್ತೆ "ಮನೇಲೇ ಇದೀಯಲ್ಲೇ" ಅನ್ನುತ್ತಾರೆ. ಯಜಮಾನರು "ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಅನ್ನುತ್ತಾರೆ. ರಾತ್ರಿ 12ರವರೆಗೆ ಕೆಲಸ ಎಳೆಯುತ್ತದೆ. "ನನಗೇ ಶಿಸ್ತು ಇಲ್ವೇನೋ, ಒಂದು ಟೈಮ್‌ಟೇಬಲ್ ಹಾಕಿಕೊಡಿ" ಅಂತ ಕೇಳಿದ್ದಾರೆ.

ನನ್ನ ಸಾಸಿವೆ ಸೀಯಿಸಿದ ಸಾಲು ಇದು: "ಜಗಲಿ ಪಕ್ಕ ಒಂದು ಕೋಣೆ ಇದೆ, ಆದ್ರೆ ಅದು ಮೈದುನನದ್ದು. 2020ರ ಲಾಕ್‌ಡೌನ್‌ನಲ್ಲಿ ಬಂದು ಒಂದು ವರ್ಷ ಅಲ್ಲೇ ಕೆಲಸ ಮಾಡಿದ್ದ. ಕಾಫಿ ಬಾಗಿಲ ಹತ್ರ ಇಟ್ಟು ಬರ್ತಿದ್ದೆ."

ಎಷ್ಟು ಸುಲಭವಾಗಿ ಬರೆದುಬಿಟ್ಟಿರಿ! ಆ ಒಂದು ವರ್ಷ ಅವನನ್ನು ಯಾರಾದರೂ ಕಾಯಿ ತುರಿಯೋಕೆ ಕರೆದರಾ? ಮೀಟಿಂಗ್‌ಗೆ ಅಟ್ಟ ಹತ್ತಿದನಾ? ಟಿವಿ ಸದ್ದು ಕಡಿಮೆ ಮಾಡಿ ಮಕ್ಕಳನ್ನು ಸುಮ್ಮನಿರಿಸಿದ್ದು ನೀವೇ ಇರಬೇಕು. ಅಂದರೆ ಮನೆಯಲ್ಲಿ ಕೂತು ಕೆಲಸ ಮಾಡುವವರ ಜೊತೆ ಹೇಗಿರಬೇಕು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಚೆನ್ನಾಗಿ ಪಳಗಿದ್ದಾರೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರ ತಲೆಯಲ್ಲಿ ಈಗ ಅಡಿಕೆ ಬಿಟ್ಟು ಬೇರೇನೂ ಇರಲ್ಲ. ಸರಕು ಅನ್ನುವ ಮೇಲ್ದರ್ಜೆಯ ಅಡಿಕೆಗೆ ಎಳೆ ಕಾಯಿಯೇ ಬೇಕು, ಹದ ಮೀರಿದರೆ ಮಂಡಿಯಲ್ಲಿ ದರ ಬೇರೆ. ಕೊಯ್ದದ್ದು ಸುಲಿಯಬೇಕು, ಸುಲಿದದ್ದು ಬೇಯಬೇಕು, ಬಿಸಿಲು ಬೇಕು, ಮೋಡ ಬರಬಾರದು. ಅಂಥ ಹೊತ್ತಲ್ಲಿ ಎದುರಿಗೆ ಸೊಸೆ ಕೂತಿದ್ದರೆ ಕರೆಯದೆ ಇರುತ್ತಾರಾ? ನೀವು ಕಣ್ಣಿಗೆ ಬೀಳುವುದೇ ತೊಂದರೆ.

ಹಿಂದೆ ಶಾಲೆಗೆ ಹೋಗಿ ಬರೋಕೆ ಬಸ್ ಇತ್ತು. ನನ್ನ ಹಳೇ ಓದುಗರಿಗೆ ಗೊತ್ತು, ನಾನು ಬಸ್ಸಿನ ಪಕ್ಷಪಾತಿ. ಮಂಡಗದ್ದೆಯಲ್ಲಿ ಹತ್ತುವಾಗ ನೀವು ಸೊಸೆ. ಸಕ್ರೆಬೈಲು ದಾಟಿ ಗಾಜನೂರು ಬರುವಷ್ಟರಲ್ಲಿ ಟೀಚರ್. ಬರುವಾಗ ಉಲ್ಟಾ. ಆ 30 ಕಿಲೋಮೀಟರ್ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಬಾಗಿಲು ಮಾಡಬೇಕು. ಊಟದ ಟೇಬಲ್‌ಗೆ ಬಾಗಿಲು ಎಲ್ಲಿದೆ?

ನನ್ನ ಸಿಟ್ಟೆಲ್ಲ ಆ ಮೈದುನನ ಮೇಲೆ. ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವವನ ಕ್ರಿಕೆಟ್ ಬ್ಯಾಟು, ಹಳೇ ಮಾನಿಟರು ಉಳಿದ 361 ದಿನ ಕೋಣೆ ಕಾಯುತ್ತವಂತೆ. ಫೈಬರ್ ರೂಟರ್ ಕೂಡ ಅದೇ ಗೋಡೆಯ ಮೇಲಿದೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಪಾಪ, ಕೋಣೆ ಹಾಗೇ ಇಡಿ ಅಂತ ಅವನು ಹೇಳಿರಲಿಕ್ಕೂ ಇಲ್ಲ. ಆದರೂ ಸಿಟ್ಟು ಬರುತ್ತೆ, ಏನು ಮಾಡಲಿ. ತಾನು ವರ್ಷ ಪೂರ್ತಿ ಕೂತ ಕೋಣೆ ಅತ್ತಿಗೆಗೂ ಬೇಕಾಗಬಹುದು ಅಂತ ಹೊಳೆಯಬೇಕಿತ್ತು, ಅಲ್ವಾ?

ಟೈಮ್‌ಟೇಬಲ್ ಕೇಳಿದ್ದಿರಿ. ಕೊಡುವುದಿಲ್ಲ. 12 ವರ್ಷ ಬೆಲ್ ಹೊಡೆದ ಹಾಗೆ ನಡೆದವರಿಗೆ ನಾನು ಶಿಸ್ತು ಕಲಿಸಬೇಕಾ?

ಈ ಭಾನುವಾರ ಲ್ಯಾಪ್‌ಟಾಪು, ಕುರ್ಚಿ ಎತ್ತಿಕೊಂಡು ಆ ಕೋಣೆಗೆ ಹೋಗಿ. ಇಷ್ಟೇ ನನ್ನ ಸಲಹೆ. ಶನಿವಾರ ರಾತ್ರಿ ಯಜಮಾನರಿಗೆ "ನಾಳೆಯಿಂದ ಅಲ್ಲಿ ಕೂರ್ತೀನಿ" ಅಂತ ಹೇಳಿ. "ಕೂರಲಾ?" ಅಂತ ಮಾತ್ರ ಕೇಳಬೇಡಿ. ಸೋಮವಾರ 9 ಗಂಟೆಗೆ ಒಳಗಿಂದ ಚಿಲಕ ಹಾಕಿ. ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಬಡಗಿ ಬರುವ ತನಕ ಸ್ಟೂಲ್ ಅಡ್ಡ ಇಡಿ. 11ರ ಚಹಾ ಯಜಮಾನರು ಮಾಡಲಿ. ಚಹಾ ಕಾಯಿಸಲು ಬಾರದ ಅಡಿಕೆ ಬೆಳೆಗಾರ ನನಗಿನ್ನೂ ಸಿಕ್ಕಿಲ್ಲ.

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮೈದುನ ಬಂದರೆ ಜಗಲಿಯಲ್ಲಿ ಹಾಸಿಗೆ ಹಾಸಿ. ಎರಡು ಕಂಬಳಿ ಕೊಡಿ, ಬೆಳಗಿನ ಜಾವ ಚಳಿ ಇರುತ್ತೆ.